ನಾಲ್ಕನೇ ಗಿಳಿಯ ಕಣ್ಣು

ಮಹಾದೇವಿ ಹವಾಲ್ದಾರರು ಯಾರನ್ನೇ ಮೊದಲ ಸಲ ಕಂಡರೂ ಮುಖಕ್ಕಿಂತ ಮುಂಚೆ ಬಟ್ಟೆ ನೋಡುತ್ತಿದ್ದರು. ಕೈಗೆ ಸಿಕ್ಕರೆ ಸೆರಗಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿ, ‘ಇದು ರಬಕವಿದಲ್ಲ ಬಿಡ್ರಿ, ಹೊರಗಿನ ಮಾಲು’ ಎಂದು ತೀರ್ಪು ಕೊಟ್ಟ ಮೇಲೆಯೇ ಮುಂದಿನ ಮಾತು. ಠಾಣೆಗೆ ಅಳುತ್ತ ಬಂದವರಿಗೂ ಇದೇ ಉಪಚಾರ. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಕಿಸೆಗಳ್ಳನನ್ನು ಹಿಡಿದಾಗ ಅವನ ಕಾಲರು ತಿಕ್ಕಿ ನೋಡಿ, ‘ಇಷ್ಟ ಛಲೋ ಪಾಪ್ಲಿನ್ ಹಾಕ್ಕೊಂಡು ಗದ್ದಲದಾಗ ನೂಕ್ಯಾಡತಿಯಲ್ಲೋ, ಹರದಗಿರದೀತು’ ಎಂದು ಬೈದರಂತೆ. ಕದ್ದದ್ದಕ್ಕೆ ಆಮೇಲೆ ಬೈದರು.

ಗಿಡ್ಡ ಆಳು, ದುಂಡು ಮುಖ, ಹಣೆಯ ಮೇಲೆ ಟೋಪಿಯ ಗೆರೆ. ನಾನು ಅವರನ್ನು ಕಂಡಾಗ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಊರಲ್ಲಿ ಕುರಿ ಕಾಯುವವರ ಕೈಗೂ ದೊಡ್ಡ ಪರದೆಯ ಮೊಬೈಲು ಬಂದಿದ್ದ ಕಾಲ ಅದು. ಮಾದೇವಿಯವರ ಬಳಿ ಮಾತ್ರ ರಬ್ಬರ್ ಬ್ಯಾಂಡು ಸುತ್ತಿದ ಹಳೆಯ ಬಟನ್ ಫೋನು. ಮೊಬೈಲಿನೊಳಗೆ ಅಡಗಿ ಕೂತು ಮಕ್ಕಳನ್ನು ಬೇಟೆಯಾಡುತ್ತಿದ್ದವನನ್ನು ಹಿಡಿದವರು ಈ ಹೆಂಗಸು ಎಂದರೆ ಈಗಲೂ ಕೆಲವರು ನಗುತ್ತಾರೆ. ನಗಲಿ.

ಅವರ ಕಂಕುಳಲ್ಲಿ ಸದಾ ಒಂದು ಉದ್ದನೆಯ ರಿಜಿಸ್ಟರು ಇರುತ್ತಿತ್ತು. ಯಾರು ಏನೇ ಹೇಳಲಿ, ‘ನಿಂದರ್ರಿ, ಬರ್ಕೋತೀನಿ’ ಎನ್ನುವರು. ಅಷ್ಟೊಂದು ಯಾಕೆ ಬರೆಯುತ್ತೀರಿ ಎಂದರೆ ಒಂದೇ ಉತ್ತರ: ‘ಬರೀದಿದ್ದದ್ದು ಮುಳುಗ್ತೈತ್ರೀ.’

ಈ ಮಾತಿನ ಹಿಂದೆ ಒಂದು ಊರಿತ್ತು. ಬೀಳಗಿ ತಾಲ್ಲೂಕಿನಲ್ಲಿ ಹೊಳೆಯ ದಂಡೆಯ ಅವರ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ಮುಳುಗುವ ಮುಂಚೆ ಸರ್ವೆಯವರು ಮನೆಮನೆಗೆ ಬಂದು ಗೋಡೆ, ಬಾಗಿಲು, ಬೇವಿನ ಗಿಡ ಎಲ್ಲ ಬರೆದುಕೊಂಡರು. ಮಾದೇವಿಯವರ ಅಪ್ಪನದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ‘ಕುಣೀನ ಏನಂತ ಬರೀಲಿ ಯಜಮಾನಾ?’ ಎಂದು ನಕ್ಕು ಬರೆಯುವವನು ಮುಂದಿನ ಮನೆಗೆ ಹೋದ. ಬಂದೋಬಸ್ತಿಗೆ ಬಂದಿದ್ದ ಪೊಲೀಸರಲ್ಲಿ ಅದೇ ಮನೆಯ ಮಗಳು ಲಾಠಿ ಹಿಡಿದು ನಿಂತಿದ್ದರು. ‘ನಾ ಬಾಯಿ ತೆರೀಲಿಲ್ರಿ. ಡ್ಯೂಟಿ ಮ್ಯಾಲಿದ್ದೆ’ ಎಂದು ಅವರು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. ಹೊಸ ಊರಿನ ಮನೆಯಲ್ಲಿ ಕುಣಿಗೆ ಜಾಗವಿರಲಿಲ್ಲ. ಅಪ್ಪ ಮತ್ತೆ ನೇಯಲಿಲ್ಲ.

ಇನ್ನು ನನ್ನ ಸುದ್ದಿ. ನಮ್ಮದು ಬನಹಟ್ಟಿಯ ನೇಕಾರರ ಮನೆತನ. ಅಪ್ಪ ಮಗ್ಗ ನಡೆಸಿದ, ನಾನು ಓದಿ ಜಮಖಂಡಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಶಿಕ್ಷಕಿಯಾದೆ. ಗಂಡನಿಗೆ ತುಬಚಿಯ ಏತ ನೀರಾವರಿಯಲ್ಲಿ ಕೆಲಸ, ಮನೆಗೆ ಬರುವುದು ಶನಿವಾರ. ಒಬ್ಬಳೇ ಮಗಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಕಾನೂನೂ ಹೇಳುತ್ತದೆ, ಮಾದೇವಿಯವರೂ ಹೇಳಿದ್ದರು: ‘ಎಲ್ಲಾ ಬರೀರಿ, ಕೂಸಿನ ಹೆಸರೊಂದ ಬಿಟ್ಟು.’

ಅವರನ್ನು ನಾನು ಮೊದಲು ಕಂಡದ್ದು ನಮ್ಮ ಶಾಲೆಯಲ್ಲೇ. ಮೊಬೈಲಿನ ಬಗ್ಗೆ ಮಕ್ಕಳಿಗೆ ತಿಳಿಹೇಳಲು ಬಂದಿದ್ದರು. ಭಾಷಣ ಮಾಡಲಿಲ್ಲ. ಮೊದಲ ಸಾಲಿನ ಹುಡುಗಿಯ ಯೂನಿಫಾರ್ಮ್ ತಿಕ್ಕಿ ನೋಡಿ, ‘ತೆಳ್ಳಗೈತಿ, ಚಳಿಗಾಲಕ್ಕ ಸಾಲೂದಿಲ್ಲ’ ಅಂದರು. ಮಕ್ಕಳು ನಕ್ಕ ಮೇಲೆ ಶುರು ಮಾಡಿದರು: ‘ಫೋನಿನ್ಯಾಗ ಗೊತ್ತಿದ್ದವ್ರಿರಲಿ ಗೊತ್ತಿರದವ್ರಿರಲಿ, ಕೇಳಬಾರದ್ದು ಫೋಟೋ ಕೇಳಿದ್ರ, ಅಂಜಿಸಿ ಕೇಳಿದ್ರ, ನೀವು ಅಂಜಿ ಕೊಟ್ಟಿದ್ರೂ ತಪ್ಪು ಕೇಳಿದವಂದು. ಕೊಟ್ಟವರದಲ್ಲ. ಏನಂದೆ? ತಪ್ಪು ಯಾರದು?’ ಇಡೀ ತರಗತಿ ಮಗ್ಗಿ ಒಪ್ಪಿಸಿದ ಹಾಗೆ ಕೂಗಿತು: ‘ಕೇಳಿದವಂದು!’ ಹತ್ತು ಸಲ ಕೂಗಿಸಿದರು. ಹೆಂಚು ಹಾರುವುದೊಂದು ಬಾಕಿ.

ನನಗೆ ಮೈಯೆಲ್ಲ ಉರಿಯಿತು. ಮಕ್ಕಳಿಗೆ ಇಂಥದ್ದೆಲ್ಲ ಹೇಳಿ ಕೆಡಿಸಲು ಬಂದಿದ್ದಾಳೆ ಈ ಪೊಲೀಸಿನವಳು ಎಂದುಕೊಂಡೆ. ಅದೇ ದಿನ ಸಂಜೆ ಊಟಕ್ಕೆ ಕೂತಾಗ ಮಗಳ ಮುಂದೆ ಆ ಹೆಂಗಸಿನ ಕೂಗಾಟವನ್ನು ಅಣಕಿಸಿ ತೋರಿಸಿದೆ. ‘ಕೊಟ್ಟವರದು ತಪ್ಪಲ್ಲಂತ! ಕೊಡುವಾಗ ಬುದ್ಧಿ ಎಲ್ಲಿ ಹೋಗಿತ್ತಂತ? ಅಂಥಾ ಹುಡುಗ್ಯಾರಿಗೆ ಮೊದಲ ನಾಕು ಬಿಗೀಬೇಕು’ ಎಂದೆ. ಒಂಬತ್ತನೆಯ ತರಗತಿಯ ನನ್ನ ಮಗಳು ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಕೈ ತೊಳೆಯಲು ಎದ್ದಳು. ಹೊಟ್ಟೆ ತುಂಬಿರಬೇಕು ಎಂದುಕೊಂಡೆ.

ಆ ಹೊತ್ತಿಗಾಗಲೇ ಅವಳು ಆ ಬೇಟೆಗಾರನ ಬಾಯಲ್ಲಿದ್ದಳು. ನನ್ನ ಆ ಒಂದು ಮಾತು ಅವಳನ್ನು ಇನ್ನೂ ಒಂದೂವರೆ ತಿಂಗಳು ಅಲ್ಲೇ ಇರಿಸಿತು.

ಗಂಡ ಮನೆಗೆ ಬಾರದಿದ್ದ ಒಂದು ವಾರ, ಭಾನುವಾರ ಮಧ್ಯಾಹ್ನ, ಮಗಳ ಫೋನು ಗುಂಯ್ ಎಂದಾಗಲೆಲ್ಲ ಅವಳು ಬೆಚ್ಚುವುದನ್ನು ಕಂಡು, ಕಸಿದು ನೋಡಿದೆ. ‘ಐಶ್ವರ್ಯಾ’ ಎಂಬ ಹುಡುಗಿಯ ಹೆಸರಲ್ಲಿ ಯಾವನೋ ಗೆಳೆತನ ಬೆಳೆಸಿದ್ದ. ತಿಂಗಳುಗಟ್ಟಲೆ ಸಿಹಿ ಮಾತು, ಆಮೇಲೆ ಪುಸಲಾಯಿಸಿ ಒಂದು ಫೋಟೋ, ಆಮೇಲೆ ಬರೀ ಬೆದರಿಕೆ. ‘ಇನ್ನಷ್ಟು ಕಳಸದಿದ್ರ ಇದನ್ನ ನಿಮ್ಮವ್ವನ ಸಾಲಿ ಗ್ರೂಪಿಗೆ ಹಾಕ್ತೀನಿ’ ಎಂದು ಅಂದು ಬೆಳಿಗ್ಗೆ ಬರೆದಿದ್ದ. ಫೋನನ್ನು ಒಳಕಲ್ಲಿಗೆ ಹಾಕಿ ಹಾರೆಯಿಂದ ಕುಟ್ಟಿದೆ. ಪುಡಿಯಾಗುವ ತನಕ ಕುಟ್ಟಿದೆ. ಆ ಮಧ್ಯಾಹ್ನದ ಉಳಿದದ್ದು ನನಗೆ ಸರಿಯಾಗಿ ನೆನಪಿಲ್ಲ.

ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ, ನಾನು ಅಣಕಿಸಿದ್ದ ಅದೇ ಹೆಂಗಸಿನ ಮನೆಗೆ ಹೋದೆ. ಠಾಣೆಗೆ ಹೋಗುವ ಧೈರ್ಯವಿರಲಿಲ್ಲ. ಮಾದೇವಿಯವರು ಕ್ವಾರ್ಟರ್ಸಿನಲ್ಲಿ ರೊಟ್ಟಿ ಬಡಿಯುತ್ತಿದ್ದರು. ನಾನು ಹೇಳಿ ಮುಗಿಸುವವರೆಗೆ ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಲಿಲ್ಲ.

‘ಹುಡುಗಿ ಉಂಡಾಳೇನ್ರಿ?’

‘ಇಲ್ಲ.’

‘ಮೊದಲ ಅದನ್ನ ನೋಡ್ರಿ. ಫೋನ್ ಎಲ್ಲೈತಿ?’

‘ಒಡದು ಹಾಕೇನಿ.’

ಅವರು ಕಣ್ಣು ಮುಚ್ಚಿದರು. ‘ಅವನ ಕೆಲಸಾ ನೀವಽ ಮಾಡಿ ಕೊಟ್ರಿ ನೋಡ್ರಿ. ಅಳಸಾಕ ಅವ ಒದ್ದಾಡಬೇಕಿತ್ತು, ನೀವು ಕುಟ್ಟಿ ಪುಡಿ ಮಾಡಿ ಕೊಟ್ರಿ.’ ಬೈಯಲಿಲ್ಲ, ಹಾಗೆ ಹೇಳಿದರು ಅಷ್ಟೇ. ‘ಚೂರು ಒಂದೂ ಬಿಡದಂಗ ಆರಿಸಿ ಡಬ್ಬಿಗೆ ಹಾಕಿ ತರ್ರಿ. ಒಡದದ್ದನ್ನೂ ಬರೀಬೇಕು.’

‘ಅದೊಂದು ಬರೀಬ್ಯಾಡ್ರಿ, ನಿಮ್ಮ ಕಾಲು ಹಿಡೀತೀನಿ’ ಎಂದೆ.

‘ಕಾಲು ಬಿಡ್ರಿ. ಬರೀತೀನಿ.’

ಬರೆದರು. ಅಂದೇ ತಮ್ಮ ಸಾಹೇಬರಿಗೂ ತಿಳಿಸಿ, ಪೋಕ್ಸೊ ಕಾಯ್ದೆಯಡಿ ದೂರು ದಾಖಲಿಸಿದರು. ‘ತಾಯಿಯೇ ಫೋನನ್ನು ಒಡೆದಿರುತ್ತಾರೆ’ ಎಂಬ ಸಾಲಿನ ಕೆಳಗೆ ನನ್ನಿಂದಲೇ ಸಹಿ ಮಾಡಿಸಿಕೊಂಡರು. ಆ ದಿನ ಅವರ ಮೇಲೂ ನನಗೆ ಕೆಟ್ಟ ಕೋಪ ಬಂತು.

ಮರುದಿನ ನಮ್ಮ ಮನೆಗೆ ಬಂದದ್ದು ಸೀರೆ ಮಾರುವವಳು. ಹೆಗಲ ಮೇಲೆ ಗಂಟು, ಕಾಲಲ್ಲಿ ಹವಾಯಿ ಚಪ್ಪಲಿ. ‘ದಡಿ ಸೀರಿ ಬೇಕೇನ್ರೇ’ ಎಂದು ಓಣಿಗೆಲ್ಲ ಕೇಳುವಂತೆ ಕೂಗಿಕೊಂಡೇ ಬಂದರು. ಪೊಲೀಸರು ಬಂದ ಮನೆ ಎಂದು ಓಣಿ ಬೆರಳು ತೋರಿಸಬಾರದು, ಅದಕ್ಕೆ ಈ ವೇಷ. ಆಚೆ ಮನೆಯಾಕೆ ನಿಜವಾಗಿಯೂ ವ್ಯಾಪಾರಕ್ಕೆ ಬಂದು ಗಂಟು ಬಿಚ್ಚಿಸಿ, ಯಾವುದೂ ಒಪ್ಪದೆ ಹೋದಳು. ‘ಈ ಧಂದೇದಾಗ ನಾ ಉದ್ಧಾರ ಆಗೂದಿಲ್ಲ ಬಿಡ್ರಿ’ ಎಂದು ಮಾದೇವಿಯವರು ಬೇಸರಪಟ್ಟುಕೊಂಡರು.

ಆಮೇಲೆ ನಡುಮನೆಯಲ್ಲಿ ಸೀರೆಗಳನ್ನು ಹರವಿ, ಮಗಳಿಗೆ ಒಂದು ತುದಿ ಕೊಟ್ಟು, ತಾವು ಒಂದು ತುದಿ ಹಿಡಿದು ಮಡಚುತ್ತ ಕೂತರು. ಕಣ್ಣು, ಕೈ ಎರಡೂ ಬಟ್ಟೆಯ ಮೇಲಿದ್ದರೆ ಬಾಯಿ ತಾನೇ ಬಿಡುತ್ತದೆ ಎಂದು ಅವರಿಗೆ ಗೊತ್ತಿತ್ತು. ಒಂದು ಸಲವೂ ‘ಯಾಕ’ ಎಂದು ಕೇಳಲಿಲ್ಲ. ನಾನು ನಡುವೆ ಬಾಯಿ ಹಾಕಿ ‘ಯಾಕ ಕೊಟ್ಟೆವ್ವಾ’ ಅಂದಾಗ ನನ್ನನ್ನು ಅಡುಗೆಮನೆಗೆ ಕರೆದೊಯ್ದು ಗದರಿದರು: ‘ಯಾಕ ಅನ್ನಬ್ಯಾಡ್ರಿ. ಯಾಕ ಅಂದ್ರ ಕೂಸು ತನ್ನೊಳಗಽ ತಪ್ಪು ಹುಡಕಾಕ ಹತ್ತೈತಿ. ಮುಂದ ಏನಾತು ಅನ್ರಿ. ಅಷ್ಟಽ.’

ಮೂರು ದಿನ ಹಾಗೆ ಬಂದರು. ಮೂರನೆಯ ದಿನ ಮಗಳಿಗೆ ಒಂದು ನೆನಪಾಯಿತು. ಗೆಳೆತನದ ಮೊದಮೊದಲು ‘ಐಶ್ವರ್ಯಾ’ ತನ್ನ ಮನೆಯ ಬೆಕ್ಕಿನ ಫೋಟೋ ಕಳಿಸಿದ್ದಳು. ಮುದ್ದಾಗಿದೆ ಎಂದು ಇವಳು ಅದನ್ನು ತರಗತಿಯ ಗೆಳತಿಗೆ ಕಳಿಸಿದ್ದಳು. ಸೀರೆಯ ಗಂಟು ಆ ಗೆಳತಿಯ ಮನೆಗೂ ಹೋಯಿತು. ಫೋಟೋ ಇತ್ತು.

ಆ ಹೊತ್ತಿಗೆ ಅವನು ಐಶ್ವರ್ಯಾಳನ್ನು ಅಳಿಸಿಬಿಟ್ಟಿದ್ದ. ಬಾಗಲಕೋಟೆಯ ಪೊಲೀಸ್ ಕಚೇರಿಯಿಂದ ಆ್ಯಪಿನ ಕಂಪನಿಗೆ ಕಾಗದ ಹೋಗಿತ್ತು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು ಎಂದರು. ಅವನ ಬಳಿ ಮಗಳ ಫೋಟೋ ಇದ್ದೇ ಇತ್ತು. ಯಾವ ಘಳಿಗೆಯಲ್ಲಿ ಎಲ್ಲಿಗೆ ಕಳಿಸುತ್ತಾನೋ ಎಂದು ನಾನು ಶಾಲೆಯ ಗ್ರೂಪನ್ನು ದಿನಕ್ಕೆ ನೂರು ಸಲ ತೆರೆದು ನೋಡುತ್ತಿದ್ದೆ. ಅವನ ಮುಖ ಕಾಣದೆ, ಊರು ತಿಳಿಯದೆ, ಯಾರನ್ನು ಶಪಿಸಬೇಕೆಂದು ಗೊತ್ತಾಗದೆ ಎಲ್ಲ ಗಂಡಸರನ್ನೂ ಶಪಿಸಿದೆ.

ಮಾದೇವಿಯವರು ಬೆಕ್ಕಿನ ಫೋಟೋವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ತಂದರು. ಎಲ್ಲರೂ ಬೆಕ್ಕು ನೋಡಿದ್ದರು, ಇವರು ನೋಡಿದ್ದು ಬೆಕ್ಕಿನ ಹಿಂದಿನ ಪರದೆ. ಅದು ಕತ್ತರಿಸಿ ಹೊಲಿದ ಹಸಿರು ಸೀರೆ, ಅಂಚಿನ ದಡಿಯಲ್ಲಿ ಗಿಳಿಗಳ ಸಾಲು.

‘ಎಣಸ್ರಿ’ ಎಂದರು. ನಾನು ಎಣಿಸಿದೆ. ಒಂದು, ಎರಡು, ಮೂರು. ನಾಲ್ಕನೆಯ ಗಿಳಿಗೆ ಕಣ್ಣಿರಲಿಲ್ಲ. ಮತ್ತೆ ಮೂರಕ್ಕೆ ಇತ್ತು, ಎಂಟನೆಯದಕ್ಕೆ ಇರಲಿಲ್ಲ.

ನೇಕಾರರ ಮಗಳಾದ ನನಗೂ ಆಗ ಹೊಳೆಯಿತು. ದಡಿಯ ಚಿತ್ರವನ್ನು ಮಗ್ಗಕ್ಕೆ ಹೇಳಿಕೊಡುವುದು ತೂತು ಹೊಡೆದ ರಟ್ಟಿನ ಕಾರ್ಡುಗಳು. ಒಂದು ತೂತು ತಪ್ಪಿದರೆ ಕಾರ್ಡು ಒಂದು ಸುತ್ತು ಬಂದಾಗಲೆಲ್ಲ ಅದೇ ತಪ್ಪು ಅದೇ ಜಾಗದಲ್ಲಿ ಬರುತ್ತದೆ. ಅಂಥ ಸೀರೆಯನ್ನು ನಮ್ಮವರು ಅಂಗಡಿಗೆ ಕೊಡುವುದಿಲ್ಲ. ಮಾನ ಹೋಗುತ್ತದೆ. ಮನೆಯವರಿಗೆ, ಬೀಗರಿಗೆ ಹೊದೆಯುವ ಕೌದಿಗೋ ಪರದೆಗೋ ಎಂದು ಹಂಚಿಬಿಡುತ್ತಾರೆ. ಆ ಪರದೆ ಇದ್ದ ಮನೆ, ನೇಯ್ದವರ ಹತ್ತಿರದ ನಂಟಿನ ಮನೆಯೇ ಆಗಿರಬೇಕು.

ಮುಂದಿನ ಎರಡು ವಾರ ಮಾದೇವಿಯವರು ರಬಕವಿ, ಬನಹಟ್ಟಿಯ ಮಗ್ಗದ ಶೆಡ್ಡುಗಳನ್ನು ಸುತ್ತಿದರು. ಬೆಕ್ಕನ್ನು ಕತ್ತರಿಸಿ ದಡಿಯನ್ನಷ್ಟೇ ಉಳಿಸಿದ ಚೂರು ಕೈಯಲ್ಲಿ. ‘ತಂಗಿ ಮಗಳ ಲಗ್ನಕ್ಕ ಇಂಥಾದಽ ಬೇಕು’ ಎನ್ನುವುದು. ಮಾಲೀಕರೆಲ್ಲ ಕನ್ನಡಕ ಏರಿಸಿ ನೋಡಿ, ಹಾವು ತುಳಿದವರ ಹಾಗೆ ಹಿಂದೆ ಸರಿದರು. ‘ತಪ್ಪೈತಿ ಇದರಾಗ! ನಮ್ಮದಲ್ಲ, ನಮ್ಮದಲ್ಲ.’ ಕಡೆಗೆ ಬನಹಟ್ಟಿಯಲ್ಲಿ ಕಾರ್ಡಿಗೆ ತೂತು ಹೊಡೆಯುವ ಮಲ್ಲಪ್ಪಜ್ಜ ಎಂಬ ಮುದುಕರು ಆ ಚೂರನ್ನು ಬಹಳ ಹೊತ್ತು ಹಿಡಿದು ಕೂತರು.

‘ಇದು ನನ್ನ ಕೈತಪ್ಪು ತಾಯಿ. ಆಗ ಕಣ್ಣಿಗೆ ಪೊರಿ ಬಂದಿತ್ತು. ಹನ್ನೆರಡು ಸೀರಿ ಇಳದಿದ್ದವು, ಆಮ್ಯಾಲ ಗೊತ್ತಾತು. ಇದನ್ನ ಈಗ್ಯಾಕ ಎತ್ತಿ ಆಡತೀರಿ?’

‘ಎತ್ತಿ ಆಡೂದಲ್ಲಜ್ಜಾ’ ಎಂದು ಮಾದೇವಿಯವರು ಅವರ ಪಾದ ಮುಟ್ಟಿದರಂತೆ. ‘ನಿಮ್ಮ ತಪ್ಪಿನಿಂದ ಒಂದ ಕೂಸು ಬದುಕ್ತೈತಿ.’

ಆ ಕಾರ್ಡು ಒಯ್ದಿದ್ದ ಶೆಡ್ಡಿನ ಮಾಲೀಕ ಹನ್ನೆರಡು ಸೀರೆ ಎಲ್ಲೆಲ್ಲಿ ಹೋದವೆಂದು ಬಾಯಿಪಾಠ ಒಪ್ಪಿಸಿದ. ನಮ್ಮ ಜನ ಒಳ್ಳೆಯ ಸೀರೆ ಯಾರಿಗೆ ಕೊಟ್ಟರೆಂಬುದನ್ನು ಮರೆಯುತ್ತಾರೆ, ಕೆಟ್ಟದ್ದನ್ನು ಮರೆಯುವುದಿಲ್ಲ. ಹನ್ನೊಂದು ಕೌದಿಯಾಗಿದ್ದವು. ಒಂದನ್ನು ಮಾಲೀಕನ ತಂಗಿ, ಮುಧೋಳಕ್ಕೆ ಮದುವೆಯಾಗಿ ಹೋದವಳು, ಪರದೆಗೆಂದು ಒಯ್ದಿದ್ದಳು. ಅವಳ ಮೈದುನ ಅದೇ ಮನೆಯ ಹೊರಗಿನ ಕೋಣೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದ. ಶಾಲೆಗಳ ಕಾರ್ಯಕ್ರಮಕ್ಕೆ ಅವನನ್ನು ಅತಿಥಿಯಾಗಿ ಕರೆಯುತ್ತಿದ್ದರು, ಶಾಲು ಹೊದಿಸುತ್ತಿದ್ದರು.

ಸಾಹೇಬರು, ಮಾದೇವಿಯವರು ವಾರಂಟು ಹಿಡಿದು ಹೋದಾಗ ಬೆಕ್ಕು ಕಿಟಕಿಯಲ್ಲೇ ಕೂತಿತ್ತಂತೆ. ಅವನ ಫೋನು, ಕಂಪ್ಯೂಟರು, ಬೆರಳಷ್ಟು ಸಣ್ಣ ಪೆನ್‌ಡ್ರೈವ್ ಡಬ್ಬಿಗಳು, ಎಲ್ಲವನ್ನೂ ಮುಟ್ಟದೆ ಮುರಿಯದೆ ಸೀಲು ಮಾಡಿ ಬರೆದುಕೊಂಡರು. ಪರದೆಯನ್ನೂ ಇಳಿಸಿ ಮಡಚಿ ಸೀಲು ಮಾಡಿದರು. ಅವನ ಡಬ್ಬಿಗಳಲ್ಲಿ ಇದ್ದದ್ದು ನನ್ನ ಮಗಳೊಬ್ಬಳೇ ಅಲ್ಲ. ಜಮಖಂಡಿಯ ಮಕ್ಕಳಿದ್ದರು, ಬೀಳಗಿಯವರಿದ್ದರು, ಇಬ್ಬರು ಹುಡುಗರೂ ಇದ್ದರು. ಸೀರೆಯ ಗಂಟು ಹೊತ್ತು ಮಾದೇವಿಯವರು ಒಂದೊಂದು ಮನೆಗೂ ಹೋದರು.

ಸೇಡು ಎಂಬ ಮಾತನ್ನು ಓದಿದವರು ಮೆಲ್ಲಗೆ ಆಡುತ್ತಾರೆ. ನಾನು ಜೋರಾಗಿಯೇ ಆಡುತ್ತೇನೆ. ಅವನನ್ನು ಕೋರ್ಟಿಗೆ ತರುವ ದಿನ ಅಪ್ಪನ ಮಗ್ಗದ ಲಾಳಿಯನ್ನು ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ನೂಲು ಹೊತ್ತು ಓಡುವ ಗೇಣುದ್ದದ ಕಟ್ಟಿಗೆ, ಎರಡೂ ತುದಿಗೆ ಕಬ್ಬಿಣದ ಮೊನೆ. ಅವನ ಕಣ್ಣಿಗೇ ಗುರಿಯಿಟ್ಟಿದ್ದೆ. ಮೆಟ್ಟಿಲ ಬಳಿ ಮಾದೇವಿಯವರು ಎದುರಾದರು. ಅಭ್ಯಾಸದಂತೆ ನನ್ನ ಚೀಲದ ಬಟ್ಟೆ ಹಿಡಿದು ತಿಕ್ಕಿದರು, ತಿಕ್ಕುತ್ತಿದ್ದ ಬೆರಳು ನಿಂತಿತು.

‘ತಗೀರಿ ಹೊರಗ.’

ತೆಗೆದೆ. ಅವರು ಮೊನೆಯನ್ನು ಮುಟ್ಟಿ ನೋಡಿ ತಮ್ಮ ಚೀಲಕ್ಕೆ ಹಾಕಿಕೊಂಡರು.

‘ಅಡ್ಡ ಬರಬ್ಯಾಡ್ರಿ ಮಾದೇವಕ್ಕಾ. ಒಂದ ಏಟು’ ಎಂದೆ.

‘ಒಂದ ಏಟು ಹೊಡದ್ರ ಅವ ದವಾಖಾನಿಗೆ ಹೊಕ್ಕಾನ, ನೀವು ಜೈಲಿಗೆ ಹೊಕ್ಕೀರಿ. ಕೂಸು ಯಾರ ಮುಂದ ಉಣಬೇಕು? ನಿಮ್ಮ ಸಿಟ್ಟು ಭಾಳ ಸಣ್ಣದೈತ್ರಿ, ಇವತ್ತಿಗೆ ಮುಗೀತೈತಿ. ನಂದು ದೊಡ್ಡದೈತಿ. ಅವ ಮುದುಕ ಆಗೂತನಕಾ ಬಾಳಿಕಿ ಬರಬೇಕು, ಹಂಗ ಬರದೇನಿ.’

ಕೇಸು ಎರಡು ವರ್ಷ ನಡೆಯಿತು. ಮಗಳ ಸಾಕ್ಷಿಯ ದಿನ ಅವಳಿಗೂ ಅವನಿಗೂ ನಡುವೆ ನಿಲ್ಲಿಸಬೇಕಾದ ಮರೆ ಮುರಿದುಬಿದ್ದಿತ್ತು. ಇನ್ನೊಂದು ತಾರೀಖು ಹಾಕೋಣ ಎಂದು ಯಾರೋ ಅಂದರು. ಮಾದೇವಿಯವರು ನ್ಯಾಯಾಧೀಶರ ಅಪ್ಪಣೆ ಪಡೆದು ತಮ್ಮ ಗಂಟಿನಿಂದ ಒಂದು ಕೆಂಪು ಸೀರೆ ತೆಗೆದು ಅಡ್ಡ ಕಟ್ಟಿದರು. ಮಗಳು ಒಂದು ಗಂಟೆ ತಡವರಿಸದೆ ಹೇಳಿದಳು. ‘ದಡಿ ನೋಡ್ಕೋತ ಹೇಳಿದ್ನೆವ್ವಾ, ಒಂದೂ ತಪ್ಪಿರಲಿಲ್ಲ ಅದರಾಗ’ ಎಂದಳು ಹೊರಗೆ ಬಂದು.

ನನ್ನ ಸರದಿ ಬಂದಾಗ ಅವನ ವಕೀಲ ಎದ್ದ. ಮುಖ್ಯ ಸಾಕ್ಷ್ಯವಾದ ಫೋನನ್ನು ತಾಯಿಯೇ ನಾಶ ಮಾಡಿ ಮುಚ್ಚಿಟ್ಟಿದ್ದಾಳೆ, ಎಲ್ಲ ಕಟ್ಟುಕತೆ ಎಂದು ಕೂಗಿದ. ನ್ಯಾಯಾಧೀಶರು ಮೊದಲ ದಿನದ ಹೇಳಿಕೆಯನ್ನು ತಿರುವಿದರು. ಅದು ಅಲ್ಲೇ ಇತ್ತು, ನನ್ನ ಸಹಿಯ ಸಮೇತ. ಚೂರುಗಳ ಡಬ್ಬಿಯೂ ಮೇಜಿನ ಮೇಲಿತ್ತು. ಮುಚ್ಚಿಟ್ಟದ್ದು ಏನೂ ಇರಲಿಲ್ಲ. ವಕೀಲ ಕೂತ. ನಾನು ಹಿಂದಿನ ಬೆಂಚಿನತ್ತ ನೋಡಿದೆ. ಮಾದೇವಿಯವರು ಪಕ್ಕದಲ್ಲಿದ್ದ ಯಾವುದೋ ಮುದುಕಿಯ ಸೆರಗು ತಿಕ್ಕುತ್ತಿದ್ದರು.

ತೀರ್ಪು ಬರುವ ಹೊತ್ತಿಗೆ ಅವರು ನಿವೃತ್ತರಾಗಿ ಬೀಳಗಿಯ ಕಡೆಯ ಆ ಹೊಸ ಊರಿಗೆ ಹೋಗಿದ್ದರು. ಉಬ್ಬಸ ಹೆಚ್ಚಾಗಿ ಹಾಸಿಗೆ ಹಿಡಿದಿದ್ದರು. ತೀರ್ಪಿನ ಮರುದಿನವೇ ಬಸ್ಸು ಹತ್ತಿ ಹೋದೆ. ನನ್ನನ್ನು ಕಂಡವರೇ ಎದ್ದು ದಿಂಬಿಗೆ ಒರಗಿ ಕೂತರು.

‘ಎಷ್ಟು?’

‘ಹತ್ತು ವರ್ಷ.’

‘ಲಗೂ ಲಗೂ ಹೇಳಬ್ಯಾಡ್ರಿ, ನಿಧಾನ ಹೇಳ್ರಿ. ಹತ್ತು ಅಂದಾಗ ಅವನ ಮಾರಿ ಹೆಂಗಾತು?’

ಹೇಳಿದೆ. ಅವನ ತುಟಿ ಒಣಗಿದ್ದು, ಕಟಕಟೆ ಹಿಡಿದದ್ದು, ನೀರು ಕೇಳಿದ್ದು, ಶಾಲು ಹೊದಿಸಿದ್ದವರೊಬ್ಬರೂ ಬಾರದ್ದು. ಮತ್ತೊಮ್ಮೆ ಹೇಳಿಸಿಕೊಂಡರು. ‘ನೀರು ಕೊಟ್ರೇನು?’ ‘ತಡಾ ಮಾಡಿ ಕೊಟ್ರು.’ ‘ಛಲೋ ಆತು.’ ಇಬ್ಬರೂ ನಕ್ಕೆವು. ಅಂಥ ನಗೆ ನಗಬಾರದು ಎನ್ನುವವರು ಅನ್ನಲಿ. ನನಗೆ ಅದು ಎರಡು ವರ್ಷದ ಹಸಿವೆ ತೀರಿದ ಊಟವಾಗಿತ್ತು.

ಹೊರಡುವಾಗ ಮಂಚದ ಕೆಳಗಿನಿಂದ ಲಾಳಿ ತೆಗೆಸಿಕೊಟ್ಟರು. ಅದಕ್ಕೂ ಚೀಟಿ ಕಟ್ಟಿ ದಿನಾಂಕ ಬರೆದಿದ್ದರು. ‘ಇನ್ನ ಒಯ್ಯಿರಿ. ಮತ್ತ, ಇದನ್ನೆಲ್ಲಾ ನೀವೂ ಬರೀರಿ. ಬ್ಯಾರೆ ತಾಯಂದ್ರು ಓದಲಿ. ಪೂರಾ ಬರೀರಿ, ಅರ್ಧ ಬರದ್ರ ಅರ್ಧ ಮುಳುಗ್ತೈತಿ.’ ಅದೇ ಕಡೆಯ ಭೇಟಿ. ದೀಪಾವಳಿಗೆ ಮುಂಚೆ ಅವರು ತೀರಿಹೋದರೆಂದು ತಿಳಿಯಿತು. ನಾನೂ ಮಗಳೂ ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಬಂದ ಹೆಂಗಸರಲ್ಲಿ ಅಲ್ಲಲ್ಲಿ ತಾಯಿ ಮಗು ಜೋಡಿಗಳಿದ್ದವು. ಯಾರು ಯಾರೆಂದು ಯಾರೂ ಕೇಳಲಿಲ್ಲ.

ಅವರ ಮಾತು ಉಳಿಸಲು ಇಷ್ಟನ್ನು ಬರೆದು, ಮೊನ್ನೆ ಮಗಳ ಮುಂದಿಟ್ಟೆ. ಅವಳೀಗ ದೊಡ್ಡವಳು. ಅವಳು ಒಪ್ಪದೆ ಇದು ಎಲ್ಲೂ ಹೋಗಬಾರದು. ನಿಧಾನವಾಗಿ ಓದಿದಳು. ಒಳಕಲ್ಲಿನ ಜಾಗಕ್ಕೆ ಬಂದಾಗ ಬೆರಳು ಇಟ್ಟಳು.

‘ಉಳದದ್ದು ನೆನಪಿಲ್ಲ ಅಂತ ಬರದಿಯಲ್ಲವ್ವಾ.’

ನಾನು ಹಾಳೆ ತಿರುವಲು ಹೋದೆ. ಅವಳು ಬೆರಳು ತೆಗೆಯಲಿಲ್ಲ.

‘ಫೋನ್ ಒಡದದ್ದು ಆಮ್ಯಾಲೆ. ಮೊದಲ ನನಗ ಹೊಡದಿ. ಮಾದೇವಕ್ಕಗ ನಾ ಅದೊಂದ ಹೇಳಲಿಲ್ಲ. ಹೇಳಿದ್ರ ಆಕಿ ಬರೀತಿದ್ಲು.’ ಪೆನ್ನು ನನ್ನ ಕೈಗೆ ಕೊಟ್ಟಳು. ‘ಈಗ ಬರಿ.’

ಹೊಡೆದಿದ್ದೆ. ನಾಲ್ಕು ಏಟು.